ಏಪ್ರಿಲ್ ತಿಂಗಳ ಎಲೆ ನೋಡಿ ಆರಿಸಿದ ಗುಲಾಬಿಗಳು

ನಮ್ಮ ಮನೆ ಇರುವುದು ತುಮಕೂರಿನ ಅಂಚಿನಲ್ಲಿ. ರಸ್ತೆ ಅಗಲ ಮಾಡುವಾಗ ಎದುರಿಗಿದ್ದ ಹಳೆಯ ಹೊಂಗೆ ಮರವನ್ನು ಕಡಿದರು. ಅದುವರೆಗೆ ಕ್ರೋಟನ್ ಮತ್ತು ಫರ್ನ್ ಗಿಡಗಳಿಗಷ್ಟೇ ಸಾಲುವಷ್ಟು ಬೆಳಕಿದ್ದ ಅಂಗಳ ಒಂದೇ ದಿನದಲ್ಲಿ ಬಟ್ಟಬಯಲಾಯಿತು. ಆ ಮರ ಹೋದ ದುಃಖ ಇನ್ನೂ ಆರಿಲ್ಲ. ಆದರೂ ಬಿಸಿಲು ಬಿದ್ದ ನೆಲವನ್ನು ಬರಿದಾಗಿ ಬಿಡಲು ಮನಸ್ಸಾಗದೆ, ಚಿಕ್ಕಂದಿನಿಂದ ಆಸೆಪಟ್ಟಿದ್ದ ಗುಲಾಬಿಗಳನ್ನು ಅಲ್ಲಿ ಬೆಳೆಸಲು ನಿರ್ಧರಿಸಿದೆ. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕೆಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ಹಾಗಾಗಿ ಯಾವ ಗುಲಾಬಿ ನೆಟ್ಟರೂ ಬರುತ್ತದೆ ಎಂದು ನಂಬಿದ್ದೆ. ಆ ನಂಬಿಕೆ ಎಲ್ಲಿ ತಪ್ಪಿತು, ತಪ್ಪಿದ ಮೇಲೆ ಗಿಡಗಳನ್ನು ಹೇಗೆ ಆರಿಸಿದೆ ಎಂಬುದನ್ನು, ನಮ್ಮಂತೆ ಬಯಲುಸೀಮೆಯ ಬಿಸಿಲಿನಲ್ಲಿ ಗುಲಾಬಿ ನೆಡಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಗಿಡ ಕೊಂಡದ್ದು ಜನವರಿಯಲ್ಲಿ. ಗಣರಾಜ್ಯೋತ್ಸವದ ಸಮಯದಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಬಂದವರೆಲ್ಲರಿಗೂ ಆಗುವಂತೆ ನನಗೂ ಆಗಿತ್ತು: ಬೊಗಸೆಯಗಲದ ಹೂವುಗಳು ಕಣ್ಣಲ್ಲಿ ಕುಳಿತುಬಿಟ್ಟಿದ್ದವು. ಬರುವ ದಾರಿಯಲ್ಲಿ ಒಂದು ನರ್ಸರಿಗೆ ಹೋಗಿ, ಹೂ ಬಿಟ್ಟು ನಿಂತಿದ್ದ ಆರು ಗಿಡಗಳನ್ನು ಹೂವಿನ ಬಣ್ಣ ನೋಡಿಯೇ ಆರಿಸಿದೆ. ಯಾವುದಕ್ಕೂ ಹೆಸರಿನ ಚೀಟಿ ಇರಲಿಲ್ಲ. ಕೇಳಿದರೆ ಎಲ್ಲವೂ ‘ಹೈಬ್ರಿಡ್’ ಎಂಬ ಒಂದೇ ಉತ್ತರ ಬಂತು. ಶಿವರಾತ್ರಿಯವರೆಗೆ ಅವು ಚೆನ್ನಾಗಿಯೇ ಇದ್ದವು. ಯುಗಾದಿಯ ಹೊತ್ತಿಗೆ ಕಡುಗೆಂಪು ಹೂವಿನ ಎಸಳುಗಳ ಅಂಚು ಸುಟ್ಟ ಕಾಗದದಂತೆ ಕಪ್ಪಾಗತೊಡಗಿತು. ಹಳದಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಹಳೆಯ ಬಿಳಿ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಎರಡು ಗಿಡಗಳ ರೆಂಬೆಗಳು ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತ ಬಂದವು. ಮೇ ತಿಂಗಳು ಮುಗಿದಾಗ ಉಳಿದದ್ದು ಮೂರು. ಅವುಗಳಲ್ಲೂ ಒಂದು ಗಿಡ, ಕಸಿ ಮಾಡಿದ ಕಣ್ಣಿನ ಕೆಳಗಿನಿಂದ ಚಿಗುರಿದ ಬೇರುಸಸಿಯಷ್ಟೇ, ಅಂದರೆ ಕಸಿಗೆ ಆಧಾರವಾಗಿದ್ದ ಬೇರೆ ಗುಲಾಬಿಯಷ್ಟೇ, ಆಗಿತ್ತು. ನಾನು ಬಯಸಿ ತಂದ ಹೂವಿನ ಭಾಗ ಯಾವಾಗಲೋ ಸತ್ತುಹೋಗಿತ್ತು.

ನೀರು ಸಾಲದೆ ಹೀಗಾಯಿತೆಂದು ಅಕ್ಕಪಕ್ಕದವರು ಹೇಳಿದರು. ಆದರೆ ನೀರು ಸಾಲದೆ ಹೋಗಿದ್ದರೆ ಆರೂ ಗಿಡಗಳು ಒಂದೇ ರೀತಿ ಬಾಡಬೇಕಿತ್ತು. ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಸೋತದ್ದನ್ನು ಕಂಡಾಗ, ತಪ್ಪಿದ್ದು ಆರೈಕೆಯಲ್ಲಿ ಮಾತ್ರವಲ್ಲ, ಆಯ್ಕೆಯಲ್ಲೂ ಎಂದು ತಿಳಿಯಿತು. ಜನವರಿಯ ತಂಪಿನಲ್ಲಿ ನಮ್ಮ ನಾಡಿನಲ್ಲಿ ಚೆಂದ ಕಾಣದ ಗುಲಾಬಿಯೇ ಇಲ್ಲ. ರಾತ್ರಿಯ ಚಳಿಗೆ ಮೊಗ್ಗು ನಿಧಾನವಾಗಿ ಬೆಳೆಯುತ್ತದೆ, ಎಸಳುಗಳು ಹೆಚ್ಚಾಗಿ ಕಟ್ಟಿಕೊಳ್ಳುತ್ತವೆ, ಬಣ್ಣ ಗಾಢವಾಗುತ್ತದೆ. ಅದೇ ಗಿಡ ಏಪ್ರಿಲ್‌ನಲ್ಲಿ ಅವಸರದಲ್ಲಿ ಅರಳುತ್ತದೆ, ಹೂವು ಅರ್ಧಕ್ಕೆ ಇಳಿಯುತ್ತದೆ, ಬಣ್ಣ ತೆಳುವಾಗುತ್ತದೆ. ಬಿಸಿಲಿನ ತೋಟಕ್ಕೆ ಗಿಡ ಆರಿಸುವವರು ನೋಡಬೇಕಾದದ್ದು ಜನವರಿಯ ಹೂವನ್ನಲ್ಲ, ಏಪ್ರಿಲ್‌ನ ಎಲೆಯನ್ನು. ಆ ಉರಿಯಲ್ಲೂ ಹಸಿರು ಎಲೆಗಳನ್ನು ಮೈತುಂಬ ಉಳಿಸಿಕೊಂಡ ಗಿಡಕ್ಕೆ ಮಳೆ ಬಿದ್ದ ಮೇಲೆ ಹೂವು ಕೊಡಲು ಬೇಕಾದ ಶಕ್ತಿ ಇರುತ್ತದೆ. ಎಲೆ ಕಳೆದುಕೊಂಡ ಗಿಡ ತಂಪುಕಾಲವನ್ನೆಲ್ಲ ಚೇತರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ಆದ್ದರಿಂದ ಮರುವರ್ಷ ಗಿಡ ಕೊಳ್ಳುವ ಮೊದಲು ಎರಡು ಕೆಲಸ ಮಾಡಿದೆ. ಮೊದಲನೆಯದು ಅಂಗಳದ ಬಿಸಿಲನ್ನು ಅಳೆದದ್ದು. ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ, ಗಂಟೆಗೊಮ್ಮೆ ಹೊರಗೆ ಬಂದು, ನೆರಳಿನ ಅಂಚಿಗೆ ಕಡ್ಡಿ ನೆಡುತ್ತ ಹೋದೆ. ಇಡೀ ಅಂಗಳವೇ ಬಿಸಿಲು ಎಂದುಕೊಂಡಿದ್ದದ್ದು ಎರಡು ಬೇರೆ ತುಂಡುಗಳಾಗಿ ಕಂಡಿತು. ಪೂರ್ವದ ಪಟ್ಟಿಗೆ ಏಳು ಗಂಟೆಗೆ ಬಿಸಿಲು ಬಂದು, ಒಂದು ಗಂಟೆಯ ಹೊತ್ತಿಗೆ ಮನೆಯ ನೆರಳು ಅದನ್ನು ಮುಚ್ಚುತ್ತದೆ. ಪಶ್ಚಿಮದ ಪಟ್ಟಿಗೆ ಹನ್ನೊಂದೂವರೆಗೆ ಶುರುವಾದ ಬಿಸಿಲು ಸೂರ್ಯ ಮುಳುಗುವವರೆಗೂ ಬಿಡುವುದಿಲ್ಲ; ಸಾಲದ್ದಕ್ಕೆ ಕಾಂಪೌಂಡ್ ಗೋಡೆ ಕಾದು, ಕತ್ತಲಾದ ಮೇಲೂ ಒಂದು ಗಂಟೆ ಹೊತ್ತು ಕಾವು ಬೀರುತ್ತಿರುತ್ತದೆ. ಲೆಕ್ಕಕ್ಕೆ ಎರಡೂ ಆರು ಗಂಟೆಯ ಬಿಸಿಲೇ. ಆದರೆ ಬೆಳಗಿನ ಬಿಸಿಲು ಎಲೆಯ ಮೇಲಿನ ಇಬ್ಬನಿಯನ್ನು ಬೇಗ ಆರಿಸಿ ರೋಗವನ್ನು ದೂರವಿಡುತ್ತದೆ, ಮಧ್ಯಾಹ್ನದ ಬಿಸಿಲು ಎಸಳನ್ನು ಸುಡುತ್ತದೆ. ಒಂದೇ ಜಾತಿಯ ಗಿಡ ಈ ಎರಡೂ ಕಡೆ ಒಂದೇ ರೀತಿ ಬಾಳಲಾರದು.

ಎರಡನೆಯ ಕೆಲಸ, ಏಪ್ರಿಲ್ ತಿಂಗಳಿಡೀ ಊರಿನಲ್ಲಿ ಕಂಡ ಗುಲಾಬಿಗಳನ್ನೆಲ್ಲ ನಿಂತು ನೋಡಿದ್ದು. ಪರಿಚಿತರ ಹಿತ್ತಲು, ದೇವಸ್ಥಾನದ ಹೂದೋಟ, ಶಾಲೆಯ ಮುಂದಿನ ಕಟ್ಟೆ, ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್‌ನ ಗುಲಾಬಿ ತೋಟ, ಹೀಗೆ ಎಲ್ಲ ಕಡೆಯೂ ಹೂವಿಗಿಂತ ಮೊದಲು ಎಲೆಯನ್ನು ನೋಡಿದೆ, ಎಲೆಯನ್ನು ಮಗುಚಿ ಕೆಳಭಾಗವನ್ನೂ ನೋಡಿದೆ. ಒಣ ಬಿಸಿಲಿನಲ್ಲಿ ಗುಲಾಬಿಯ ದೊಡ್ಡ ಶತ್ರು ಕೆಂಪು ಜೇಡ ನುಸಿ. ಅದು ಎಲೆಯ ಕೆಳಗೆ ಕುಳಿತು ರಸ ಹೀರಿದರೆ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಬಿಳಿಚುಕ್ಕೆಗಳು ಮೂಡಿ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಯಾವ ಗಿಡಕ್ಕೆ ಅದು ಹೆಚ್ಚು ಹತ್ತಿದೆ, ಯಾವುದು ಅದರ ನಡುವೆಯೂ ಹೊಸ ಚಿಗುರು ಬಿಡುತ್ತಿದೆ ಎಂದು ಗುರುತು ಮಾಡಿಕೊಂಡೆ.

ಈ ಸುತ್ತಾಟದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಿಂತದ್ದು ಯಾವ ಪ್ರದರ್ಶನದಲ್ಲೂ ಬಹುಮಾನ ಪಡೆಯದ ಪನ್ನೀರು ಗುಲಾಬಿ. ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರ ಹಿತ್ತಲಿನಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಎದೆಯೆತ್ತರದ ಪೊದೆಯಾಗಿ ಬೆಳೆದಿತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಅದರ ಒಂದು ಎಲೆಯೂ ಬಾಡಿರಲಿಲ್ಲ. ಯಾವ ನರ್ಸರಿಯಲ್ಲಿ ಇದು ಸಿಗುತ್ತದೆ ಎಂದು ಕೇಳಿದಾಗ ಅವರು, “ದುಡ್ಡು ಕೊಟ್ಟು ಯಾಕಮ್ಮ ತರ್ತೀಯ, ಕಡ್ಡಿ ಕೊಡ್ತೀನಿ, ನೆಟ್ಕೊ” ಎಂದರು. ಪೆನ್ಸಿಲ್ ದಪ್ಪದ, ಗೇಣುದ್ದದ ನಾಲ್ಕು ಕಡ್ಡಿಗಳಲ್ಲಿ ಮೂರು ಬೇರುಬಿಟ್ಟವು.

ಈ ಗುಲಾಬಿಯ ವಂಶವನ್ನು ಓದಿ ತಿಳಿದ ಮೇಲೆ ಅದರ ಗಟ್ಟಿತನಕ್ಕೆ ಕಾರಣ ಅರ್ಥವಾಯಿತು. ತಮಿಳುನಾಡಿನಲ್ಲಿ ಎಡ್ವರ್ಡ್ ರೋಸ್ ಎಂದೂ ಕರೆಯುವ ಇದು ಬೂರ್ಬನ್ ಗುಂಪಿಗೆ ಸೇರಿದ್ದು. ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪಕ್ಕೆ ಹಿಂದೆ ಬೂರ್ಬನ್ ಎಂಬ ಹೆಸರಿತ್ತು. ಅಲ್ಲಿನ ಬೇಲಿಸಾಲಿನಲ್ಲಿ ಡಮಾಸ್ಕ್ ಗುಲಾಬಿಯೂ ಚೀನಾ ಗುಲಾಬಿಯೂ ತಾವಾಗಿ ಕೂಡಿ ಹುಟ್ಟಿದ ಗುಂಪು ಇದೆಂದು ನಂಬಲಾಗಿದೆ. ಡಮಾಸ್ಕ್ ಕಡೆಯಿಂದ ಪರಿಮಳ ಬಂತು, ಚೀನಾ ಕಡೆಯಿಂದ ವರ್ಷವಿಡೀ ಹೂ ಬಿಡುವ ಗುಣವೂ ಸೆಕೆಯನ್ನು ತಾಳುವ ಶಕ್ತಿಯೂ ಬಂದವು. ಶುದ್ಧ ಡಮಾಸ್ಕ್ ಗುಲಾಬಿಯನ್ನು ಉತ್ತರ ಪ್ರದೇಶದ ಕನೌಜ್‌ನಲ್ಲಿ ಅತ್ತರಿಗಾಗಿ ಬೆಳೆಯುತ್ತಾರೆ. ಅದಕ್ಕೆ ಅಲ್ಲಿನ ಚಳಿಗಾಲ ಬೇಕು. ಅದು ಕಳೆದ ಮೇಲೆ ಕೆಲವು ವಾರ ಸುಗ್ಗಿಯಂತೆ ಹೂಬಿಟ್ಟು ನಿಲ್ಲುತ್ತದೆ. ತುಮಕೂರಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು?

ಚೀನಾ ಗುಲಾಬಿ ಎಂದಾಗ, ನಮ್ಮ ಶಾಲಾಪುಸ್ತಕಗಳಲ್ಲಿ ಇಂಗ್ಲಿಷಿನ ಅದೇ ಹೆಸರು ದಾಸವಾಳಕ್ಕೆ ಇರುವುದರಿಂದ ಗೊಂದಲವಾಗಬಾರದು. ನಾನು ಹೇಳುತ್ತಿರುವುದು ನಿಜವಾದ ಗುಲಾಬಿಯ ಮಾತು. ಈ ಚೀನಾ ಗುಲಾಬಿಗಳು ಕಲ್ಕತ್ತದ ಹಾದಿಯಾಗಿ ಯೂರೋಪಿಗೆ ಹೋದದ್ದರಿಂದ ಫ್ರೆಂಚರು ಅವುಗಳನ್ನು ಬಂಗಾಳದ ಗುಲಾಬಿ ಎಂದು ಕರೆದರು. ಅವು ಹೋಗುವ ಮೊದಲು ಯೂರೋಪಿನ ಬಹುತೇಕ ಗುಲಾಬಿಗಳು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತಿದ್ದವು. ಇಂದು ನಮಗೆ ನರ್ಸರಿಗಳಲ್ಲಿ ಸಿಗುವ ಹೈಬ್ರಿಡ್ ಟೀ ಗಿಡಗಳು, ಅಂದರೆ 1867ರ ಲಾ ಫ್ರಾನ್ಸ್ ಎಂಬ ತಳಿಯಿಂದ ಆರಂಭವಾಯಿತೆಂದು ಎಣಿಸುವ ಗುಂಪು, ಯೂರೋಪಿನ ಚಳಿಯ ಗುಲಾಬಿಗಳ ರಕ್ತವನ್ನೂ ಪೂರ್ವದ ಸೆಕೆಯ ಗುಲಾಬಿಗಳ ರಕ್ತವನ್ನೂ ಬೇರೆಬೇರೆ ಪ್ರಮಾಣದಲ್ಲಿ ಹೊತ್ತಿವೆ. ಒಂದೇ ಬಿಸಿಲಿನಲ್ಲಿ ಒಂದು ಹೈಬ್ರಿಡ್ ಬಾಳಿ ಇನ್ನೊಂದು ಒಣಗುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ತಿಳಿವಳಿಕೆ.

ಹಾಗಾಗಿ ಗೋಡೆಯ ಕಾವು ತಾಗುವ ಪಶ್ಚಿಮದ ಪಟ್ಟಿಗೆ ಪನ್ನೀರು ಗುಲಾಬಿಯೇ ಮೊದಲ ಆಯ್ಕೆಯಾಯಿತು. ಅದರ ಹೂವು ಹೂದಾನಿಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ಎಸಳು ಬೇಗ ಉದುರುತ್ತದೆ. ಆದರೆ ಸೂರ್ಯ ಏರುವ ಮೊದಲು ಕಿತ್ತರೆ ಪೂಜೆಗೂ ಮುಡಿಗೂ ಅದಕ್ಕೆ ಸಮಾನವಾದದ್ದಿಲ್ಲ. ಉದುರಿದ ಎಸಳಿನಿಂದ ಮನೆಯಲ್ಲೇ ಗುಲ್ಕಂದ್ ಮಾಡುತ್ತೇವೆ. ಅದರ ಪಕ್ಕಕ್ಕೆ ಗ್ರುಸ್ ಆನ್ ಟೆಪ್ಲಿಟ್ಸ್ ಬಂತು. 1897ರಲ್ಲಿ ಬಂದ, ಗೆಶ್ವಿಂಡ್ ಎಂಬುವರು ಬೆಳೆಸಿದ ಈ ಹಳೆಯ ಕೆಂಪು ಗುಲಾಬಿ ಉತ್ತರ ಭಾರತದಲ್ಲಿ ಹಾರದ ಹೂವಾಗಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಹೂವು ಚಿಕ್ಕದು, ತೊಟ್ಟು ಬಳಕುವುದರಿಂದ ಮುಖ ಬಗ್ಗಿಸಿ ನಿಲ್ಲುತ್ತದೆ. ಆದರೆ ಗೊಂಚಲಿನಲ್ಲಿ ಒಂದರ ಹಿಂದೆ ಒಂದು ಅರಳುತ್ತಲೇ ಇರುತ್ತದೆ, ಪರಿಮಳವೂ ಚೆನ್ನಾಗಿದೆ. ಅದೇ ಪಟ್ಟಿಗೆ ಐಸ್‌ಬರ್ಗ್ ಎಂಬ ಬಿಳಿ ಫ್ಲೋರಿಬಂಡಾದ, ಅಂದರೆ ಗೊಂಚಲಾಗಿ ಹೂಬಿಡುವ ಗುಲಾಬಿಯ, ಎರಡು ಗಿಡಗಳನ್ನು ಸೇರಿಸಿದೆ. 1958ರಲ್ಲಿ ಜರ್ಮನಿಯ ಕೋರ್ಡೆಸ್ ಸಂಸ್ಥೆ ಹೊರತಂದ ಈ ತಳಿ ತಂಪು ದೇಶದಲ್ಲಿ ಹುಟ್ಟಿದ್ದರೂ ನಾನು ನೋಡಿದ ಮೂರು ಅಂಗಳಗಳಲ್ಲೂ ಏಪ್ರಿಲ್‌ನಲ್ಲಿ ಎಲೆ ಉಳಿಸಿಕೊಂಡಿತ್ತು. ಬಿಳಿ ಎಸಳು ಕಡುಗೆಂಪಿನಷ್ಟು ಕಾವು ಹೀರುವುದಿಲ್ಲ. ಒಂದೊಂದು ಹೂವು ಬೇಗ ಬಾಡಿದರೂ ಗೊಂಚಲಿನಲ್ಲಿ ಮತ್ತೊಂದು ಕಾಯುತ್ತಿರುತ್ತದೆ. ಬಿರುಬಿಸಿಲಿನ ಜಾಗಕ್ಕೆ ಒಂಟಿ ದೊಡ್ಡ ಹೂವಿನ ತಳಿಗಿಂತ ಗೊಂಚಲು ಹೂವಿನ ತಳಿಯೇ ಮೇಲು ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಐಸ್‌ಬರ್ಗ್‌ನಿಂದ.

ಬೆಳಗಿನ ಬಿಸಿಲಿನ ಪೂರ್ವದ ಪಟ್ಟಿಯಲ್ಲಿ ನನ್ನ ಆಸೆಗೆ ಸ್ವಲ್ಪ ಜಾಗವಿತ್ತು. ಹಿಂದಿನ ಸಾಲಿಗೆ 1954ರ ಕ್ವೀನ್ ಎಲಿಜಬೆತ್: ಆಳೆತ್ತರ ಬೆಳೆಯುವ, ತಿಳಿ ಗುಲಾಬಿ ಬಣ್ಣದ, ಹೆಚ್ಚು ಬೇಡಿಕೆಯಿಲ್ಲದ ಗಿಡ. ಮುಂದಿನ ಸಾಲಿಗೆ 1977ರಲ್ಲಿ ಅಮೆರಿಕದಲ್ಲಿ ಬಂದ ಡಬಲ್ ಡಿಲೈಟ್. ಬಿಸಿಲಿನ ತೋಟಕ್ಕೆ ಈ ತಳಿ ವಿಶೇಷವಾಗಿ ಸಲ್ಲುತ್ತದೆ. ಅದರ ಕೆನೆಬಣ್ಣದ ಎಸಳಿನ ಅಂಚಿನಲ್ಲಿ ಕೆಂಪು ಮೂಡುವುದೇ ಸೂರ್ಯನ ಅತಿನೇರಳೆ ಕಿರಣ ಬಿದ್ದಾಗ. ಗಾಜಿನ ಮನೆಯಲ್ಲಿ ಬೆಳೆದರೆ ಅದು ಬಹುಪಾಲು ಕೆನೆಬಣ್ಣದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಅಂಚಿಗಷ್ಟೇ ಇದ್ದ ಕೆಂಪು ಮರುದಿನಕ್ಕೆ ಒಳಗೊಳಗೆ ಹಬ್ಬುವುದನ್ನು ನೋಡುವುದು ನನಗೆ ದಿನದ ಮೊದಲ ಕೆಲಸವಾಗಿದೆ. ಬೂದಿ ರೋಗಕ್ಕೆ ಅದು ಬೇಗ ತುತ್ತಾಗುತ್ತದೆ ಎಂಬ ದೂರಿದೆ. ಗಾಳಿಯಾಡುವ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗ ಕೊಟ್ಟದ್ದು ಅದಕ್ಕಾಗಿಯೇ.

ಕಡುಗೆಂಪಿನ ಆಸೆ ಮಾತ್ರ ಬಿಡಲಿಲ್ಲ. 1964ರ ಮಿಸ್ಟರ್ ಲಿಂಕನ್ ತಳಿಯ ಪರಿಮಳವನ್ನು ಒಮ್ಮೆ ಆಘ್ರಾಣಿಸಿದವರಿಗೆ ಅದನ್ನು ಬಿಡುವುದು ಕಷ್ಟ. ಅದಕ್ಕೆ ಹನ್ನೆರಡು ಗಂಟೆಗೇ ನೆರಳು ಸಿಗುವ, ಮನೆಗೆ ತೀರ ಹತ್ತಿರದ ಮೂಲೆಯನ್ನು ಕೊಟ್ಟೆ. ಅಲ್ಲಿ ಅಂಚು ಸುಡುವುದು ಏಪ್ರಿಲ್, ಮೇ ಎರಡು ತಿಂಗಳು ಮಾತ್ರ. ಆಗ ಮೊಗ್ಗನ್ನು ಕಿತ್ತು ಗಿಡಕ್ಕೆ ವಿಶ್ರಾಂತಿ ಕೊಡುತ್ತೇನೆ. ಬಿಟ್ಟುಬಿಟ್ಟ ಗುಲಾಬಿಗಳಲ್ಲಿ ಬಹಳ ನೋವಾದದ್ದು ಪೀಸ್ ತಳಿಯ ವಿಷಯದಲ್ಲಿ. ಫ್ರಾನ್ಸಿನ ಮೆಯಾನ್ ಕುಟುಂಬ ಬೆಳೆಸಿದ, 1945ರ ಏಪ್ರಿಲ್ 29ರಂದು ಅಮೆರಿಕದಲ್ಲಿ ಶಾಂತಿಯ ಹೆಸರು ಪಡೆದ ಆ ಗುಲಾಬಿಯ ಕಥೆಯನ್ನು ನಾನು ಮಕ್ಕಳಿಗೆಲ್ಲ ಹೇಳಿದ್ದೇನೆ. ಆದರೆ ನಮ್ಮ ಸೆಕೆಯಲ್ಲಿ ಅದರ ಹಳದಿಯೂ ಅಂಚಿನ ನಸುಗೆಂಪೂ ಮಾಸಿ, ಹೂವು ಹೆಸರಿಗೆ ತಕ್ಕಂತೆ ನಿಲ್ಲುವುದು ವರ್ಷದಲ್ಲಿ ಮೂರು ತಿಂಗಳು ಮಾತ್ರ. ಎಂಟೇ ಗಿಡಗಳಿಗೆ ಜಾಗವಿರುವ ಅಂಗಳದಲ್ಲಿ ಅದನ್ನು ಸೇರಿಸಲಾಗಲಿಲ್ಲ.

ಹೂವಂಗಡಿಯಲ್ಲಿ ಉದ್ದ ಕಡ್ಡಿಗೆ ಸಿಗುವ ತಾಜ್ ಮಹಲ್‌ನಂಥ ಗುಲಾಬಿಗಳ ಗಿಡವನ್ನೇ ತರಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬೆಂಗಳೂರು, ಹೊಸೂರು ಸುತ್ತಿನ ಪಾಲಿಹೌಸ್‌ಗಳಲ್ಲಿ ಬೆಳೆಯುವ ಆ ತಳಿಗಳನ್ನು ಆರಿಸಿರುವುದು ಕತ್ತರಿಸಿದ ಮೇಲೆ ಬಹುದಿನ ಬಾಳಲಿ, ದೂರದ ಊರಿಗೆ ಹೋಗಲಿ ಎಂದು. ಅವುಗಳಲ್ಲಿ ಹೆಚ್ಚಿನವುಗಳಿಗೆ ಪರಿಮಳವಿಲ್ಲ. ಮೇಲುಹೊದಿಕೆಯಿಲ್ಲದ ಅಂಗಳಕ್ಕೆ ಅವು ಹೇಳಿದವಲ್ಲ. ಪೂಜೆಗೆ ದಿನಾಲು ಹಿಡಿ ಹೂವು ಬೇಕೆನ್ನುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡಿಹೂವಿಗಾಗಿ ಹೊರತಂದಿರುವ ಅರ್ಕಾ ಪರಿಮಳ, ಅರ್ಕಾ ಸವಿ ತಳಿಗಳನ್ನು ವಿಚಾರಿಸುವುದು ಒಳ್ಳೆಯದು.

ತಳಿಯಷ್ಟೇ ಮುಖ್ಯವಾದದ್ದು ಅದು ಯಾವ ಬೇರಿನ ಮೇಲೆ ನಿಂತಿದೆ ಎಂಬುದು. ನರ್ಸರಿಯ ಹೈಬ್ರಿಡ್ ಗಿಡವೆಂದರೆ, ಒಂದು ಗಟ್ಟಿ ಗುಲಾಬಿಯ ಕಾಂಡಕ್ಕೆ ಬೇಕಾದ ತಳಿಯ ಕಣ್ಣನ್ನು ಕೂರಿಸಿ ಮಾಡಿದ ಕಸಿ. ನಮ್ಮ ಕಡೆ ಹೆಚ್ಚಾಗಿ ಬಳಸುವುದು ಮಲ್ಟಿಫ್ಲೋರಾ ಎಂಬ ಬೇರುಸಸಿ. ಹುಳಿಯಂಶ ಇರುವ ಮಣ್ಣಿನಲ್ಲಿ ಅದು ಚೆನ್ನಾಗಿ ಬರುತ್ತದೆ, ಆದರೆ ಸುಣ್ಣದಂಶ ಹೆಚ್ಚಿರುವ ಮಣ್ಣು ಅಥವಾ ನೀರು ಸಿಕ್ಕರೆ ಕಬ್ಬಿಣವನ್ನು ಹೀರಲಾರದೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಮ್ಮದು ಒಳ್ಳೆಯ ಕೆಮ್ಮಣ್ಣು, ಆದರೆ ಬೋರ್‌ವೆಲ್ ನೀರು ಬಿಂದಿಗೆಯ ಒಳಗೆ ಬಿಳಿಯ ಪೊರೆ ಕಟ್ಟುವಷ್ಟು ಗಡಸು. ಅಂಥ ನೀರು ಇರುವವರು, ಎರೆಮಣ್ಣಿನ ಸೀಮೆಯವರು, ಇಂಡಿಕಾ ಒಡೊರಾಟಾ ಅಥವಾ ಎಡ್ವರ್ಡ್ ಬೇರಿನ ಮೇಲೆ ಕಸಿ ಮಾಡಿದ ಗಿಡ ಸಿಗುತ್ತದೆಯೇ ಎಂದು ಕೇಳಬೇಕು. ಕೇಳುವವರು ಹೆಚ್ಚಾದರೆ ತರಿಸಿಡುವವರೂ ಹುಟ್ಟುತ್ತಾರೆ. ಪನ್ನೀರು ಗುಲಾಬಿಯಂಥ ಕಡ್ಡಿ ಗಿಡಕ್ಕೆ ಈ ಚಿಂತೆಯೇ ಇಲ್ಲ. ಬುಡದಿಂದ ಏನು ಚಿಗುರಿದರೂ ಅದು ಅದೇ ಗಿಡ.

ಕೊಳ್ಳುವಾಗ ಈ ಬಾರಿ ಹೂವಿದ್ದ ಗಿಡಗಳನ್ನು ಬದಿಗಿಟ್ಟು, ಕಸಿಯ ಮೇಲಿನಿಂದ ಬೆರಳು ದಪ್ಪದ ಮೂರು ರೆಂಬೆಗಳಾದರೂ ಒಡೆದ, ಕಸಿಯ ಗಾಯ ಪೂರ್ತಿ ಮಾಗಿದ ಗಿಡಗಳನ್ನು ಮಾತ್ರ ತೆಗೆದುಕೊಂಡೆ. ನೆಟ್ಟದ್ದು ಶ್ರಾವಣದಲ್ಲಿ. ಆಷಾಢದ ಗಾಳಿ ನಮ್ಮ ಊರಿನಲ್ಲಿ ಹೊಸ ಕಸಿಯ ಚಿಗುರನ್ನು ಬುಡದಿಂದಲೇ ಸೀಳಿಬಿಡುತ್ತದೆ, ಬೇಸಿಗೆಯ ಮಾತಂತೂ ಆಡುವಂತಿಲ್ಲ. ಶ್ರಾವಣದಲ್ಲಿ ನೆಟ್ಟರೆ ಮುಂದಿನ ಬೇಸಿಗೆಯ ಹೊತ್ತಿಗೆ ಬೇರು ಆಳಕ್ಕಿಳಿಯಲು ಏಳು ತಿಂಗಳು ಸಿಗುತ್ತದೆ. ಒಂದೂವರೆ ಅಡಿ ಆಳದ ಗುಂಡಿ, ಅದರ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿಗಾಗಿ ಎರಡು ಹಿಡಿ ಬೇವಿನ ಹಿಂಡಿ. ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರುವಂತೆ ನೋಡಿಕೊಂಡೆ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ, ಕ್ವೀನ್ ಎಲಿಜಬೆತ್‌ಗೆ ಮೂರೂವರೆ. ಪಶ್ಚಿಮದ ಸಾಲನ್ನು ಗೋಡೆಯಿಂದ ಮೂರು ಅಡಿ ಈಚೆಗೆ ತಂದದ್ದರಿಂದ ಗೋಡೆಯ ಕಾವು ಎಷ್ಟೋ ತಗ್ಗಿತು. ಬುಡಕ್ಕೆ ಕಡಲೆಕಾಯಿ ಸಿಪ್ಪೆಯ ಹೊದಿಕೆ ಹಾಕಿದ್ದೇನೆ, ಪಾವಗಡದ ಕಡೆಯಿಂದ ಬರುವ ನೆಂಟರು ಚೀಲಗಟ್ಟಲೆ ತಂದುಕೊಡುತ್ತಾರೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಗಿಡಕ್ಕೆ ಒಂದು ಬಕೆಟ್ ನೀರು ನಿಧಾನವಾಗಿ ಇಳಿಯುವಂತೆ ಕೊಡುತ್ತೇನೆ. ವಾರಕ್ಕೆರಡು ಬೆಳಿಗ್ಗೆ ಪೈಪ್ ಹಿಡಿದು ಎಲೆಯ ಕೆಳಭಾಗವನ್ನು ತೊಳೆದರೆ ಜೇಡ ನುಸಿ ಬಹುಮಟ್ಟಿಗೆ ಅಂಕೆಯಲ್ಲಿರುತ್ತದೆ.

ಹೀಗೆ ನೆಟ್ಟ ಎಂಟು ಗಿಡಗಳು ಈಗ ಎರಡು ಬೇಸಿಗೆಗಳನ್ನು ದಾಟಿವೆ. ಮಿಸ್ಟರ್ ಲಿಂಕನ್‌ನ ಒಂದು ರೆಂಬೆ ತುದಿಯಿಂದ ಒಣಗಿತ್ತು. ಹಸಿರು ಕಾಣುವವರೆಗೆ ಕೆಳಗೆ ಕತ್ತರಿಸಿದ ಮೇಲೆ ಗಿಡ ಉಳಿಯಿತು. ಐಸ್‌ಬರ್ಗ್‌ಗಳು ಗೋಡೆಯೆತ್ತರಕ್ಕೆ ಹತ್ತಿರ ಬಂದಿವೆ.

ಒಂಬತ್ತನೆಯ ಗುಂಡಿಯನ್ನು, ಬೇಕೆಂದೇ, ಗೊಬ್ಬರ ತುಂಬಿ ಖಾಲಿ ಬಿಟ್ಟಿದ್ದೇನೆ. ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿ ಭಾರತದ್ದೇ ಆದ ಎರಡು ಕಾಡು ಗುಲಾಬಿಗಳನ್ನು, ಅಂದರೆ ಬಂಗಾಳ, ಬಿಹಾರದ ಬಯಲಿನ ನೀರಂಚಿನಲ್ಲಿ ಬೆಳೆಯುವ ಕ್ಲೈನೋಫಿಲಾ ಮತ್ತು ಮಣಿಪುರದ ಬೆಟ್ಟಗಳ ಜೈಗಾಂಟಿಯಾವನ್ನು, ಬಳಸಿ ಸೆಕೆಯ ನಾಡಿಗೆಂದೇ ಹೊಸ ಗುಲಾಬಿಗಳನ್ನು ಬೆಳೆಸುತ್ತ ಬಂದಿದ್ದಾರೆ. ಚಳಿಯ ದೇಶದ ಗುಲಾಬಿಯನ್ನು ನಮ್ಮ ಬಿಸಿಲಿಗೆ ಒಗ್ಗಿಸುವ ಬದಲು ನಮ್ಮ ಬಿಸಿಲಲ್ಲೇ ಹುಟ್ಟಿದ ರಕ್ತದಿಂದ ಗುಲಾಬಿಯನ್ನು ಕಟ್ಟುವ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರ ತಳಿಯೊಂದು ಕೈಗೆ ಸಿಕ್ಕರೆ ಗೋಡೆಯ ಕಡೆಯ ಆ ಗುಂಡಿ ಅದಕ್ಕೆ. ಅಲ್ಲಿಯವರೆಗೆ, ಅಜ್ಜಿ ಕೊಟ್ಟ ಕಡ್ಡಿಗಳಲ್ಲಿ ಬೇರುಬಿಟ್ಟ ಮೂರನೆಯದು ಕುಂಡದಲ್ಲಿ ಬೆಳೆಯುತ್ತಿದೆ.